ಹಳೆಯ ಭಾವಚಿತ್ರಗಳೂ ಕ್ರಿಸ್ತ ಜಯಂತಿಯ ಅಲಂಕಾರವೂ

ಕ್ರಿಸ್ತ ಜಯಂತಿಯ ಗಿಡಕ್ಕೆ ಅಂಗಡಿಯ ಥಳಕಿನ ಗುಂಡುಗಳಿಗೆ ಬದಲಾಗಿ ಮನೆಯ ಹಿರಿಯರ ಹಳೆಯ ಭಾವಚಿತ್ರಗಳಿಂದ ಕೈಯಾರೆ ಮಾಡಿದ ಅಲಂಕಾರಗಳನ್ನು ತೂಗಹಾಕುವ ರೂಢಿಯು ಈಚಿನ ವರ್ಷಗಳಲ್ಲಿ ನಮ್ಮವರ ಕೆಲವು ಮನೆಗಳಲ್ಲಿ ಕಾಣಬರುತ್ತಿದೆ. ಅಜ್ಜಿಯ ಮುಖವು ಒಂದು ನಕ್ಷತ್ರದ ನಡುವೆ, ಅಜ್ಜ ಅಜ್ಜಿಯರ ಮದುವೆಯ ಪಟವು ಒಂದು ಸಣ್ಣ ಚೌಕಟ್ಟಿನೊಳಗೆ, ತಾಯಿಯ ಬಾಲ್ಯದ ಚಿತ್ರವು ಒಂದು ರಟ್ಟಿನ ಗಂಟೆಯ ಮೇಲೆ, ಹೀಗೆ ಅವು ಗಾಳಿಮರದ ಕೊಂಬೆಯಲ್ಲಿ ದಾರದಿಂದ ತೂಗುತ್ತವೆ. ಇದು ನೋಡಲು ಸೊಗಸಾದ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಆದರೆ ಸೊಗಸಾಗಿರುವುದೆಲ್ಲವೂ ಹಿತವೆಂದು ಹೇಳಲಾಗದು. ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಯು ಹಳೆಯ ವಿದ್ಯಾರ್ಥಿನಿಯರ ಕೈಗೂ ಈಗಿನ ವಿದ್ಯಾರ್ಥಿನಿಯರ ತಾಯ್ತಂದೆಗಳ ಕೈಗೂ ಸೇರುವುದಾದ್ದರಿಂದ, ಈ ವಿಷಯದಲ್ಲಿ ನಮಗೆ ತೋರಿದ ಮಾತುಗಳನ್ನು ಇಲ್ಲಿ ವಿಜ್ಞಾಪಿಸಿಕೊಳ್ಳುತ್ತೇವೆ. ಈ ರೂಢಿಯು ಒಳ್ಳೆಯದು. ಅದು ಬೆಳೆಯಬೇಕೆಂದೇ ನಮ್ಮ ಅಪೇಕ್ಷೆ. ಆದರೆ ಅದಕ್ಕೆ ಎರಡು ಕಟ್ಟಳೆಗಳಿರತಕ್ಕದ್ದು. ಮೂಲಚಿತ್ರಕ್ಕೆ ಕತ್ತರಿ ತಗಲಕೂಡದು, ಇದು ಮೊದಲನೆಯದು. ಹಿಂಬದಿಯಲ್ಲಿ ಹೆಸರು ಬರೆಯದ ಚಿತ್ರವು ಗಿಡವನ್ನೇರಕೂಡದು, ಇದು ಎರಡನೆಯದು. ಇವೆರಡನ್ನೂ ಪಾಲಿಸಿದರೆ ಈ ಚಿಕ್ಕ ಕೈಗೆಲಸವು ಒಂದು ಮನೆತನದ ಚರಿತ್ರೆಯನ್ನೇ ಉಳಿಸಬಲ್ಲದು. ಪಾಲಿಸದಿದ್ದರೆ ಇರುವ ಚರಿತ್ರೆಯನ್ನೂ ಹರಿದು ಹಾಕಬಲ್ಲದು.

ಹಬ್ಬದ ಅಲಂಕಾರವು ಕೊಂಡು ತರುವ ಸಾಮಾನೆಂಬ ಭಾವನೆಯು ಬಹಳ ಹಿಂದಿನದಲ್ಲ. ಇಂದು ಲೋಕದ ಬಹು ಭಾಗಗಳಲ್ಲಿ ಪ್ರಸಿದ್ಧವಾಗಿರುವ ಮೊರೇವಿಯನ್ ನಕ್ಷತ್ರವು ಹುಟ್ಟಿದುದು ಒಂದು ಶಾಲೆಯಲ್ಲಿ. ಜರ್ಮನಿಯ ನೀಸ್ಕಿ ಎಂಬ ಊರಿನಲ್ಲಿ ಮೊರೇವಿಯನ್ ಸಭೆಯವರು ನಡೆಸುತ್ತಿದ್ದ ಬಾಲಕರ ಶಾಲೆಯಲ್ಲಿ 1830ರ ದಶಕದಲ್ಲಿ ರೇಖಾಗಣಿತದ ಪಾಠಕ್ಕೆಂದು ಕಾಗದವನ್ನು ಮಡಿಸಿ ಮಾಡಿಸಿದ ಆಕೃತಿಯೇ ಮುಂದೆ ಮನೆಮನೆಯ ಕ್ರಿಸ್ಮಸ್ ದೀಪವಾಯಿತು. ಅದೇ ದೇಶದ ಲೌಶಾ ಎಂಬ ಹಳ್ಳಿಯ ಗಾಜುಗಾರರು ತಮ್ಮ ಮನೆಗಳಲ್ಲಿಯೇ ಊದಿ ಮಾಡುತ್ತಿದ್ದ ಗಾಜಿನ ಗುಂಡುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಹೊರದೇಶಗಳ ಅಂಗಡಿಗಳಿಗೆ ಹೋದುವು. ನಮ್ಮ ನಾಡಿನಲ್ಲಿಯೂ ಬಿದಿರಿನ ಕಡ್ಡಿಗಳನ್ನು ಸೀಳಿ ಕಟ್ಟಿ, ಬಣ್ಣದ ತೆಳುಗಾಗದವನ್ನು ಅಂಟಿಸಿ, ಒಳಗೆ ದೀಪವನ್ನಿಟ್ಟು ಮನೆಯ ಮುಂದೆ ಏರಿಸುವ ನಕ್ಷತ್ರವನ್ನು ತಂದೆಮಕ್ಕಳು ಕೂಡಿ ಮಾಡುತ್ತಿದ್ದುದನ್ನು ಬಲ್ಲವರು ಇನ್ನೂ ಅನೇಕರಿದ್ದಾರೆ. ಆ ನಕ್ಷತ್ರವು ಸ್ವಲ್ಪ ವಕ್ರವಾಗಿದ್ದರೂ ಅದನ್ನು ಕಟ್ಟುವಾಗ ಆಡಿದ ಮಾತುಗಳು ಮಕ್ಕಳ ನೆನಪಿನಲ್ಲಿ ನೆಟ್ಟಗೆ ನಿಲ್ಲುತ್ತಿದ್ದುವು. ಕೈಗೆಲಸದ ಮುಖ್ಯ ಫಲವು ಇದೇ ಎಂದು ನಾವು ತಿಳಿಯುತ್ತೇವೆ. ಹಿರಿಯರೂ ಕಿರಿಯರೂ ಒಂದೇ ಚಾಪೆಯ ಮೇಲೆ ಕುಳಿತು ಒಂದು ಗಂಟೆ ಕಳೆಯುವುದಕ್ಕೆ ಅದೊಂದು ನೆವ. ಆ ಗಂಟೆಯಲ್ಲಿ ಕೈಯೊಳಗಿರುವುದು ಹಿರಿಯರ ಪಟವೇ ಆದರೆ ಮಾತಿಗೆ ಬೇರೆ ವಿಷಯವನ್ನು ಹುಡುಕಬೇಕಾಗಿಲ್ಲ.

ಆದರೆ ಆ ಪಟವು ಎಂಥ ವಸ್ತುವೆಂಬುದನ್ನು ಮೊದಲು ತಿಳಿದಿರಬೇಕು. ಛಾಯಾಗ್ರಹಣವು ಲೋಕಕ್ಕೆ ಪ್ರಕಟವಾದುದು 1839ರಲ್ಲಿ. ಮೊಟ್ಟೆಯ ಬಿಳಿಯ ಲೋಳೆಯನ್ನು ಬಳಿದ ಕಾಗದದ ಮೇಲೆ ಬೆಳ್ಳಿಯ ಲವಣಗಳಿಂದ ಚಿತ್ರವನ್ನು ಮೂಡಿಸುವ ಕ್ರಮವು 1850ರಲ್ಲಿ ಬಂದಿತು. 1854ರಲ್ಲಿ ಪ್ಯಾರಿಸಿನ ಡಿಸ್ಡೇರಿಯು ಕೈಯಂಗಲದ ರಟ್ಟಿನ ಚಿತ್ರಗಳಿಗೆ ಸನ್ನದು ಪಡೆದನು. ಆಮೇಲೆ ಕುಟುಂಬದ ಚಿತ್ರಸಂಪುಟವೆಂಬುದು ರೂಢಿಗೆ ಬಂದಿತು. ನಮ್ಮ ದೇಶದಲ್ಲಿಯೂ 1854ರಲ್ಲಿ ಮುಂಬಯಿಯಲ್ಲಿ, 1856ರಲ್ಲಿ ಮದರಾಸಿನಲ್ಲಿ ಛಾಯಾಗ್ರಾಹಕರ ಸಂಘಗಳು ಸ್ಥಾಪನೆಯಾದುವು. ಆದರೆ ಸಾಮಾನ್ಯರ ಮನೆಗೆ ಅದು ಬರುವುದಕ್ಕೆ ಬಹುಕಾಲ ಹಿಡಿಯಿತು. ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಪಟ ತೆಗೆಸುವುದೆಂದರೆ ಪೇಟೆಗೆ ಹೋಗಿ, ಒಳ್ಳೆಯ ಸೀರೆಯುಟ್ಟು, ಬಣ್ಣದ ಪರದೆಯ ಮುಂದೆ ಕುರ್ಚಿಯನ್ನು ಹಿಡಿದು ಅಲುಗದೆ ನಿಲ್ಲುವುದಾಗಿತ್ತು. ಮದುವೆಗೊಮ್ಮೆ, ಮಕ್ಕಳಾದ ಮೇಲೊಮ್ಮೆ, ಬಹಳವೆಂದರೆ ಮುಪ್ಪಿನಲ್ಲೊಮ್ಮೆ ತೆಗೆಸಿದ್ದರೆ ಅದು ಭಾಗ್ಯವೇ. ಆದುದರಿಂದ ನಮ್ಮ ಟ್ರಂಕುಗಳ ತಳದಲ್ಲಿರುವ ಎಷ್ಟೋ ಚಿತ್ರಗಳಿಗೆ ಲೋಕದಲ್ಲಿ ಎರಡನೆಯ ಪ್ರತಿಯಿಲ್ಲ. ಅವುಗಳನ್ನು ತೆಗೆದ ಗಾಜಿನ ಫಲಕವು ಒಡೆದುಹೋಗಿ, ಅಂಗಡಿಯು ಮುಚ್ಚಿಹೋಗಿ ತಲೆಮಾರುಗಳೇ ಕಳೆದಿವೆ. ಅಂಥ ಒಂದೇ ಪಟವನ್ನು ಗಂಟೆಯ ಆಕಾರಕ್ಕೆ ಕತ್ತರಿಸುವುದು, ಸಭೆಯ ದೀಕ್ಷಾಸ್ನಾನದ ದಫ್ತರದ ಹಾಳೆಯನ್ನು ಹರಿದು ಗಾಳಿಪಟ ಮಾಡಿದಂತೆಯೇ ಸರಿ.

ಕತ್ತರಿಯೊಂದೇ ಶತ್ರುವೂ ಅಲ್ಲ. ಹಳೆಯ ಪಟದಲ್ಲಿ ಕಾಣುವುದು ಸೂಕ್ಷ್ಮವಾದ ಬೆಳ್ಳಿಯ ಕಣಗಳು. ತೇವ, ಹೊಗೆ, ಬೆವರು, ಕೀಳ್ತರದ ಅಂಟು, ಇವೆಲ್ಲವೂ ಆ ಬೆಳ್ಳಿಯನ್ನು ಕೆಡಿಸುತ್ತವೆ. ಹಳೆಯ ಕಪ್ಪುಬಿಳುಪಿನ ಪಟಗಳ ಅಂಚಿನಲ್ಲಿ ಕನ್ನಡಿಯಂಥ ನೀಲಿ ಹೊಳಪು ಕಂಡರೆ ಅದು ಬೆಳ್ಳಿಯು ಕೆಡುತ್ತ ಮೇಲಕ್ಕೆ ಬಂದುದರ ಗುರುತು. ಬಿಸಿಲು ಬಣ್ಣವನ್ನು ಹೀರುತ್ತದೆ. 1970ರ ದಶಕದ ಅನೇಕ ಬಣ್ಣದ ಚಿತ್ರಗಳಂತೂ ಕತ್ತಲೆಯಲ್ಲಿಟ್ಟರೂ ಕಾಲಕ್ರಮದಲ್ಲಿ ಕೆಂಪಾಗಿ ಮಾಸುತ್ತವೆ. ಮಳೆಗಾಲದಲ್ಲಿ ಎರಡು ಪಟಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಬಲವಂತದಿಂದ ಕೀಳಬಾರದು; ಕಿತ್ತರೆ ಒಬ್ಬರ ಮುಖವು ಇನ್ನೊಬ್ಬರ ಬೆನ್ನಿಗೆ ಹತ್ತಿಕೊಂಡು ಬರುವುದು. ಅಂಟುಪಟ್ಟಿಯನ್ನೂ ಗೋಂದನ್ನೂ ಮೂಲಪಟಕ್ಕೆ ತಾಗಿಸಕೂಡದು. ಪಟಗಳ ಜೊತೆಗೆ ಹಳೆಯ ಫಿಲಂ ಸುರುಳಿಗಳಿದ್ದರೆ ಮತ್ತಷ್ಟು ಎಚ್ಚರಿಕೆ ಬೇಕು. 1950ಕ್ಕೆ ಹಿಂದಿನ ಫಿಲಂಗಳಲ್ಲಿ ಕೆಲವು ನೈಟ್ರೇಟಿನಿಂದ ಮಾಡಿದವು. ಅವು ಬೆಂಕಿಗೆ ಬಹು ಬೇಗ ತುತ್ತಾಗುತ್ತವೆ. ಮೇಣದ ಬತ್ತಿಗಳು ಉರಿಯುವ ಹಬ್ಬದ ಕೋಣೆಯಲ್ಲಿ ಅವುಗಳಿಗೆ ಸ್ಥಳವಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮೂಲವನ್ನು ಟ್ರಂಕಿಗೇ ಬಿಟ್ಟು ಅದರ ನಕಲನ್ನು ಗಿಡಕ್ಕೇರಿಸುವುದು. ಈ ಕಾರ್ಯವು ಹಿಂದೆ ಕಷ್ಟವಾಗಿತ್ತು; ಈಗ ಬಹು ಸುಲಭ. ಸ್ಕ್ಯಾನರ್ ಯಂತ್ರವಿರುವ ಅಂಗಡಿಗಳು ಸಣ್ಣ ಊರುಗಳಲ್ಲಿಯೂ ಇವೆ. ಅಂಗುಲಕ್ಕೆ 600 ಚುಕ್ಕೆಗಳಷ್ಟು ಸೂಕ್ಷ್ಮವಾಗಿ ಪ್ರತಿಯೆತ್ತಿಸಿದರೆ ಚಿಕ್ಕ ಪಟವೂ ದೊಡ್ಡದಾಗಿ ಅಚ್ಚಾಗಬಲ್ಲದು. ಅದಿಲ್ಲದ ಕಡೆ, ಕಿಟಕಿಯ ಹತ್ತಿರ ಬಿಸಿಲು ನೇರವಾಗಿ ಬೀಳದ ಬೆಳಕಿನಲ್ಲಿ ಪಟವನ್ನು ಸಮತಟ್ಟಾಗಿಟ್ಟು, ಮಿಂಚುದೀಪವನ್ನು ಆರಿಸಿ, ಮೊಬೈಲಿನಿಂದಲೇ ನಕಲು ತೆಗೆಯಬಹುದು. ಪಟದ ಹಿಂಬದಿಯಲ್ಲಿ ಬರೆಹವೋ ಅಂಗಡಿಯ ಮುದ್ರೆಯೋ ಇದ್ದರೆ ಅದನ್ನೂ ತಪ್ಪದೆ ತೆಗೆಯಬೇಕು. ಅನಂತರ ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿ, ಆ ನಕಲನ್ನು ಮನಸ್ಸು ಬಂದಂತೆ ಕತ್ತರಿಸಿ, ಅಂಟಿಸಿ, ಹೊಲಿದುಕೊಳ್ಳಬಹುದು. ಕೆಟ್ಟರೆ ಮತ್ತೊಂದು ಅಚ್ಚು. ಮಕ್ಕಳ ಕೈಗೆ ಧೈರ್ಯವಾಗಿ ಕತ್ತರಿ ಕೊಡುವುದಕ್ಕೂ ಇದೇ ಉಪಾಯ. ಬಿದಿರಿನ ನಕ್ಷತ್ರವನ್ನು ಕಟ್ಟುವವರು ಹಗುರವಾದ ಪಾರದರ್ಶಕ ಕಾಗದದ ಮೇಲೆ ಚಿತ್ರವನ್ನು ಅಚ್ಚು ಹಾಕಿಸಿ ನಡುವೆ ಅಂಟಿಸಿ, ಒಳಗೆ ಬಿಸಿಯಾಗದ ಸಣ್ಣ ವಿದ್ಯುದ್ದೀಪವನ್ನಿಟ್ಟರೆ, ಹಗಲು ಮಸುಕಾಗಿದ್ದ ಮುಖವು ರಾತ್ರಿಯಲ್ಲಿ ಬೆಳಗುವುದು.

ಆಕಾರದ ವಿಷಯದಲ್ಲಿಯೂ ಒಂದು ಮಾತು ಉಂಟು. ಅಲಂಕಾರವೆಂದೊಡನೆ ಮುಖವನ್ನು ಮಾತ್ರ ದುಂಡಗೆ ಕತ್ತರಿಸಿ ಉಳಿದುದನ್ನು ಬಿಸುಡುವುದು ಸಾಮಾನ್ಯ. ನಕಲಿನಲ್ಲಿಯೂ ಇದು ಸಲ್ಲದೆಂದು ನಮ್ಮ ಅಭಿಪ್ರಾಯ. ಮಿಶನ್ ಶಾಲೆಗಳ ಕಾಲದ ಹೆಣ್ಣುಮಕ್ಕಳ ಚಿತ್ರಗಳನ್ನು ಸಾವಧಾನವಾಗಿ ನೋಡಿರಿ. ಅನೇಕರ ಕೈಯಲ್ಲಿ ಒಂದು ಪುಸ್ತಕವಿರುತ್ತದೆ. ಛಾಯಾಗ್ರಾಹಕನು ಕೊಟ್ಟ ಪುಸ್ತಕವೋ ಅವಳದೇ ಪುಸ್ತಕವೋ ಆಗಿರಲಿ; ಹೆಣ್ಣು ಓದುವುದು ನಗೆಗೀಡಾಗಿದ್ದ ಕಾಲದಲ್ಲಿ ಅವಳು ಪುಸ್ತಕ ಹಿಡಿದು ಲೋಕದೆದುರು ನಿಂತಳೆಂಬುದಕ್ಕೆ ಅದೇ ಸಾಕ್ಷಿ. ಮುಖವನ್ನು ಮಾತ್ರ ಉಳಿಸಿದರೆ ಅವಳು ಯಾವ ಕಾಲದ ಯಾವ ಹೆಂಗಸಾದರೂ ಆಗಬಹುದು. ಕೈಯನ್ನೂ ಪುಸ್ತಕವನ್ನೂ ಬರಿಗಾಲನ್ನೂ ಸೀರೆಯ ಕುಚ್ಚನ್ನೂ ಉಳಿಸಿದರೆ ಮಾತ್ರ ಅವಳು ನಮ್ಮ ಮುತ್ತಜ್ಜಿ. ಗುಂಪಿನ ಚಿತ್ರಗಳಲ್ಲಿ ಇನ್ನೂ ಒಂದು ಅಪಾಯವಿದೆ. ನಡುವಿನ ಕುರ್ಚಿಯಲ್ಲಿ ಕುಳಿತವರು ಉಳಿಯುತ್ತಾರೆ. ಅಂಚಿನಲ್ಲಿ ನಿಂತ ಆಯಾ, ಅಡಿಗೆಯಾಕೆ, ಆ ದಿನ ಬಂದಿದ್ದ ಬಡ ಬಂಧು ಇವರು ಕತ್ತರಿಗೆ ಸಿಕ್ಕುತ್ತಾರೆ. ಕ್ರಿಸ್ತ ಜಯಂತಿಯ ಕಥೆಯಲ್ಲಿ ಮೊದಲು ಕರೆಯಿಸಿಕೊಂಡವರು ಊರ ಹೊರಗಿನ ಹೊಲದಲ್ಲಿ ಮಂದೆ ಕಾಯುತ್ತಿದ್ದ ಕುರುಬರು. ಆ ಹಬ್ಬಕ್ಕೆ ಅಲಂಕಾರ ಮಾಡುವವರು ಅಂಚಿನವರನ್ನು ಕತ್ತರಿಸಿ ತೆಗೆಯುವುದು ಉಚಿತವಲ್ಲ.

ಈಗ ನಮ್ಮ ಎರಡನೆಯ ಕಟ್ಟಳೆಗೆ ಬರುತ್ತೇವೆ. ಅಲಂಕಾರದ ಹಿಂಬದಿಯಲ್ಲಿ ಹೆಸರನ್ನು ಬರೆಯಬೇಕು. ಬರಿಯ 'ಅಜ್ಜಿ' ಎಂದು ಬರೆದರೆ ಸಾಲದು. ಇಪ್ಪತ್ತು ವರ್ಷಗಳ ಮೇಲೆ ಯಾರ ಅಜ್ಜಿಯೆಂದು ಕೇಳುವವರಿಗೆ ಉತ್ತರವಿರದು. ಅವಳ ಸ್ವಂತ ಹೆಸರು, ತವರುಮನೆಯ ಹೆಸರು, ಊರು, ಚಿತ್ರವನ್ನು ತೆಗೆದ ವರ್ಷ, ತೂಗಹಾಕುವ ಹುಡುಗಿಗೆ ಅವಳು ಏನಾಗಬೇಕೆಂಬುದು, ಇಷ್ಟಾದರೂ ಇರಬೇಕು. ವರ್ಷವು ಖಚಿತವಾಗಿ ತಿಳಿಯದಿದ್ದರೆ 'ಸುಮಾರು' ಎಂದು ಬರೆಯಲು ನಾಚಬೇಕಾಗಿಲ್ಲ. ನಮ್ಮ ಅನೇಕ ಮನೆತನಗಳಲ್ಲಿ ಮತ್ತೊಂದು ವಿಶೇಷವೂ ಇದೆ. ದೀಕ್ಷಾಸ್ನಾನದ ಕಾಲದಲ್ಲಿ ಹಿರಿಯರು ಹೊಸ ಹೆಸರನ್ನು ಪಡೆದರು. ಹಳೆಯ ಹೆಸರು ಒಂದೆರಡು ತಲೆಮಾರುಗಳವರೆಗೆ ಮನೆಯಲ್ಲಿ ಕೇಳಿಬಂದು ಆಮೇಲೆ ಮರೆಯಾಯಿತು. ಎರಡೂ ತಿಳಿದಿದ್ದರೆ ಎರಡನ್ನೂ ಬರೆಯಿರಿ. ಹೊಸ ಹೆಸರಿನ ಗೌರವಕ್ಕೆ ಹಳೆಯ ಹೆಸರಿನಿಂದ ಕುಂದು ಬಾರದು. ಧಾರವಾಡದ ಸೀಮೆಯ ಕಸೂತಿಯನ್ನು ಬಲ್ಲ ಸಹೋದರಿಯರಿಗೆ ಗವಂತಿ ಹೊಲಿಗೆಯ ಗುಣವು ತಿಳಿದಿದೆಯಷ್ಟೆ. ಅದರಲ್ಲಿ ಬಟ್ಟೆಯ ಮುಂಬದಿಗೂ ಹಿಂಬದಿಗೂ ಭೇದವಿಲ್ಲ; ಎರಡು ಕಡೆಯೂ ಒಂದೇ ಅಂದ. ನಮ್ಮ ಅಲಂಕಾರವೂ ಹಾಗಿರಲಿ; ಮುಂದೆ ಮುಖ, ಹಿಂದೆ ಹೆಸರು, ಎರಡಕ್ಕೂ ಸಮಾನವಾದ ಶ್ರದ್ಧೆ.

ಹೆಸರನ್ನು ಕುರಿತು ನಾವು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಗಂಡಸರ ಹೆಸರುಗಳು ಜಮೀನಿನ ಕಾಗದಗಳಲ್ಲಿ, ಸಭೆಯ ಆಡಳಿತದ ಪುಸ್ತಕಗಳಲ್ಲಿ, ನೌಕರಿಯ ಪತ್ರಗಳಲ್ಲಿ ಹೇಗೋ ಉಳಿಯುತ್ತವೆ. ಹೆಂಗಸಿನ ಹೆಸರು ಮದುವೆಯೊಡನೆ ಅರ್ಧ ಮಾಯವಾಗುತ್ತದೆ. ಮಕ್ಕಳಾದ ಮೇಲೆ ಇಂಥವನ ತಾಯಿ ಎಂದಾಗುತ್ತದೆ. ಮೊಮ್ಮಕ್ಕಳ ಕಾಲಕ್ಕೆ ಬರಿಯ ಅಜ್ಜಿಯಾಗಿ, ಅವರ ಮಕ್ಕಳ ಕಾಲಕ್ಕೆ ಪಟದೊಳಗಿನ ಯಾರೋ ಒಬ್ಬ ಮುದುಕಿಯಾಗಿ ಕೊನೆಗೊಳ್ಳುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಕ್ರಿಸ್ತನ ಜನನದ ವೃತ್ತಾಂತವು ವಂಶಾವಳಿಯೊಡನೆ ಆರಂಭವಾಗುತ್ತದೆ. ಓದುವವರು ಸಾಮಾನ್ಯವಾಗಿ ದಾಟಿಬಿಡುವ ಆ ದೀರ್ಘವಾದ ಪಟ್ಟಿಯಲ್ಲಿ ಗಂಡಸರ ಹೆಸರುಗಳ ನಡುವೆ ಐದು ಮಂದಿ ಸ್ತ್ರೀಯರು ಬರುತ್ತಾರೆ: ತಾಮಾರಳು, ರಾಹಾಬಳು, ರೂತಳು, ಬತ್ಷೆಬೆ, ಮರಿಯಳು. ಇವರಲ್ಲಿ ಬತ್ಷೆಬೆಯ ಹೆಸರನ್ನು ಸುವಾರ್ತಿಕನು ಹೇಳದೆ ಊರೀಯನ ಹೆಂಡತಿಯೆಂದು ಮಾತ್ರ ಸೂಚಿಸುತ್ತಾನೆ. ಆದರೂ ಅವಳು ಯಾರೆಂಬುದು ನಮಗೆ ಗೊತ್ತು. ಏಕೆಂದರೆ ಅವಳ ಹೆಸರು ಸಮುವೇಲನ ಗ್ರಂಥದಲ್ಲಿ ಬರೆದಿದೆ. ಒಂದು ಕಡೆ ಬಿಟ್ಟುಹೋದುದನ್ನು ಮತ್ತೊಂದು ಕಡೆ ಯಾರೋ ಬರೆದಿಟ್ಟಿದ್ದರಿಂದ ಅವಳು ಹೆಸರಿಲ್ಲದವಳಾಗಲಿಲ್ಲ. ನಮ್ಮ ಮನೆಗಳ ಊರೀಯನ ಹೆಂಡತಿಯರಿಗೆ ಆ ಮತ್ತೊಂದು ಪುಸ್ತಕವನ್ನು ಬರೆಯುವವರು ಯಾರು? ಅಲಂಕಾರದ ಹಿಂಬದಿಯ ಎರಡು ಸಾಲುಗಳೇ ಆ ಪುಸ್ತಕವಾಗಬೇಕು.

ಹೆಸರು ಬಿಟ್ಟುಹೋದುದರ ನಷ್ಟವು ಮನೆಗಳಲ್ಲಿ ಮಾತ್ರ ಕಾಣುವುದಲ್ಲ. 1815ರಲ್ಲಿ ಸ್ಥಾಪಿತವಾಗಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ದಫ್ತರಖಾನೆಯು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದೆ. ಅಲ್ಲಿ ಜೋಪಾನವಾಗಿರುವ ಸಾವಿರಾರು ಹಳೆಯ ಛಾಯಾಚಿತ್ರಗಳಲ್ಲಿ ನಮ್ಮ ಕರಾವಳಿಯವೂ ಧಾರವಾಡ ಹುಬ್ಬಳ್ಳಿಗಳ ಕಡೆಯವೂ ಸೇರಿವೆ. ಅವುಗಳನ್ನು ಈಗ ಮನೆಯಲ್ಲಿಯೇ ಕುಳಿತು ಕಂಪ್ಯೂಟರಿನಲ್ಲಿ ನೋಡಬಹುದು. ಅಂಥ ಸಂಗ್ರಹಗಳನ್ನು ನೋಡುತ್ತ ಹೋದರೆ ಮಿಶನರಿಯ ಹೆಸರು, ಊರಿನ ಹೆಸರು, ಕಟ್ಟಡದ ಹೆಸರು ಸಿಕ್ಕುತ್ತವೆ. ಆದರೆ ಎಷ್ಟೋ ಚಿತ್ರಗಳಲ್ಲಿ ನಮ್ಮವರು ಶಾಲೆಯ ಹುಡುಗಿಯರು, ಬೈಬಲ್ ಸ್ತ್ರೀ, ಕ್ರೈಸ್ತ ಕುಟುಂಬ ಎಂಬ ಸಾಮಾನ್ಯ ನಾಮಗಳ ಹಿಂದೆ ನಿಂತಿರುತ್ತಾರೆ. ಅವರಲ್ಲಿ ಯಾರಾದರೂ ಈ ಸಂಚಿಕೆಯನ್ನು ಓದುತ್ತಿರುವವರ ಮುತ್ತಜ್ಜಿಯಾಗಿರಬಹುದು. ಮನೆಯ ಪಟದ ಹಿಂದೆ ಹೆಸರಿದ್ದರೆ, ಅದರ ಪಕ್ಕದಲ್ಲಿಟ್ಟು ಹೋಲಿಸಿ ದೂರದ ದಫ್ತರಖಾನೆಯ ಹೆಸರಿಲ್ಲದ ಮುಖವನ್ನೂ ಗುರುತಿಸಬಹುದು. ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿಯೂ ಮಂಗಳೂರಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿಯೂ ಸಭೆಗಳ ಚರಿತ್ರೆಗೆ ಬೇಕಾದ ಹಳೆಯ ದಾಖಲೆಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಆದರೆ ಯಾವ ದಫ್ತರಖಾನೆಗೂ ನಮ್ಮ ಅಜ್ಜಿಯ ಮುಖದ ಪರಿಚಯವಿಲ್ಲ. ಆ ಪರಿಚಯವಿರುವುದು ಮನೆಯ ಮೂಲೆಯ ಕುರ್ಚಿಯಲ್ಲಿ ಕುಳಿತಿರುವ ಎಂಬತ್ತು ವರ್ಷದ ಹಿರಿಯರಿಗೆ. ಅವರನ್ನು ಕೇಳುವುದಕ್ಕೆ ನಮಗಿರುವ ಕಾಲವು ಅಳತೆಯುಳ್ಳದ್ದು.

ಈ ರೂಢಿಗೆ ಬರುವ ಆಕ್ಷೇಪಣೆಗಳನ್ನು ನಾವು ಅಲಕ್ಷಿಸಲಾರೆವು. ಸತ್ತವರ ಪಟಗಳನ್ನು ಹಬ್ಬದ ಗಿಡಕ್ಕೆ ಕಟ್ಟುವುದು ಪಿತೃಪೂಜೆಯ ಕಡೆಗೆ ಇಡುವ ಹೆಜ್ಜೆಯಲ್ಲವೇ ಎಂದು ಸಭೆಯ ಕೆಲವು ಹಿರಿಯರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಪಟಕ್ಕೆ ಹಾರ ಹಾಕಿ ಮುಂದೆ ದೀಪವಿಡುವುದು ನಮ್ಮ ನಾಡಿನಲ್ಲಿ ಮೃತರಿಗೆ ಸಲ್ಲುವ ಗುರುತು. ಆದುದರಿಂದಲೇ ಹಾರವೂ ದೀಪವೂ ಇಲ್ಲದೆ, ಬದುಕಿರುವವರನ್ನೂ ತೀರಿಕೊಂಡವರನ್ನೂ ಒಂದೇ ಕೊಂಬೆಯಲ್ಲಿ ಬೆರಸಿ ತೂಗಹಾಕಬೇಕೆಂದು ನಾವು ಸೂಚಿಸುತ್ತೇವೆ. ಈಗ ತೊಟ್ಟಿಲಲ್ಲಿರುವ ಮಗುವಿನ ಚಿತ್ರವು ಮುತ್ತಜ್ಜಿಯ ಚಿತ್ರದ ಪಕ್ಕದಲ್ಲಿರಲಿ. ಅಲ್ಲಿ ಯಾರೂ ಯಾರಿಗೂ ನಮಸ್ಕರಿಸುವುದಿಲ್ಲ. ಕರ್ತನ ಜನನದ ಸಂತೋಷಕ್ಕೆ ಮನೆಯವರೆಲ್ಲರೂ ಕೂಡಿದ್ದಾರೆಂದು ಮಾತ್ರ ಅದು ತಿಳಿಸುತ್ತದೆ. ಪರಿಶುದ್ಧರ ಅನ್ಯೋನ್ಯತೆಯನ್ನು ವಿಶ್ವಾಸಪ್ರಮಾಣದಲ್ಲಿ ಬಾಯಿಂದ ಹೇಳುವ ನಾವು, ಅವರ ಹೆಸರುಗಳನ್ನೇ ಮರೆತರೆ ಆ ಮಾತಿಗೆ ಏನು ಬೆಲೆ?

ಇನ್ನೊಂದು ಆಕ್ಷೇಪಣೆಯು ದುಃಖದ್ದು. ವರ್ಷದೊಳಗೆ ಮಗನನ್ನೋ ಗಂಡನನ್ನೋ ಕಳೆದುಕೊಂಡ ತಾಯಿಗೆ ಆ ಮುಖವು ಹಬ್ಬದ ಬೆಳಕಿನಲ್ಲಿ ತೂಗುವುದು ಸಹಿಸದೆ ಹೋಗಬಹುದು. ಮುರಿದುಹೋದ ದಾಂಪತ್ಯದ ಮದುವೆಯ ಪಟವನ್ನು ಮಕ್ಕಳು ತಿಳಿಯದೆ ಅಲಂಕಾರ ಮಾಡಿದರೆ ನೋಯುವವರು ಇರುತ್ತಾರೆ. ಇಲ್ಲಿ ನಿಯಮವು ಒಂದೇ. ಯಾರ ನೆನಪೋ ಅವರ ಅನುಮತಿಯನ್ನು ಮೊದಲು ಕೇಳಬೇಕು. ಈ ವರ್ಷ ಬೇಡವೆಂದರೆ ಬೇಡ. ಟ್ರಂಕಿನಲ್ಲಿರುವ ಪಟವು ಮುಂದಿನ ವರ್ಷದವರೆಗೆ ಕಾಯಬಲ್ಲದು.

ಎಲ್ಲಕ್ಕಿಂತಲೂ ಗಂಭೀರವಾದ ಆಕ್ಷೇಪಣೆಯು ಮೂರನೆಯದು. ಅದು ನಮ್ಮಂಥ ಶಾಲೆಗೆ ವಿಶೇಷವಾಗಿ ಸಲ್ಲುತ್ತದೆ. ಪಟಗಳೇ ಇಲ್ಲದ ಮನೆಗಳು ಬಹಳ. ಕೂಲಿಗೆ ಹೋಗುತ್ತಿದ್ದ ಅಜ್ಜಿಯನ್ನು ಪೇಟೆಗೆ ಕರೆದೊಯ್ದು ಪಟ ತೆಗೆಸುವವರು ಯಾರಿದ್ದರು? ಬರಗಾಲದ ದಿನಗಳಲ್ಲಿ ಮಿಶನ್ ಮನೆಗಳಲ್ಲಿ ಬೆಳೆದ ಅನಾಥ ಬಾಲಿಕೆಯರ ಸಂತತಿಯವರಿಗೆ ಅದಕ್ಕೂ ಹಿಂದಿನ ಮುಖಗಳು ತಿಳಿಯುವ ಬಗೆಯೇ ಇಲ್ಲ. ಇಂಥ ಮಕ್ಕಳಿರುವ ತರಗತಿಯಲ್ಲಿ ಮನೆಯಿಂದ ಹಳೆಯ ಪಟ ತಂದು ಅಲಂಕಾರ ಮಾಡಿರೆಂದು ಸ್ಪರ್ಧೆಯಿಟ್ಟರೆ, ಸಿರಿವಂತರ ಮಕ್ಕಳಿಗೆ ಬಹುಮಾನವೂ ಬಡವರ ಮಕ್ಕಳಿಗೆ ಅವಮಾನವೂ ದೊರೆಯುವುದು. ಆದಕಾರಣ ಇದನ್ನು ಯಾವ ಶಾಲೆಯೂ ಸ್ಪರ್ಧೆಯಾಗಿ ಮಾಡಬಾರದೆಂದು ನಾವು ಖಂಡಿತವಾಗಿ ಹೇಳುತ್ತೇವೆ. ಪಟವಿಲ್ಲದ ಮನೆಯ ಹುಡುಗಿಯು ಅಜ್ಜಿಯ ಹಳೆಯ ಸೀರೆಯ ತುಂಡನ್ನು ಚಿತ್ರದ ಸ್ಥಳದಲ್ಲಿ ಹೊಲಿದು ಹಿಂದೆ ಹೆಸರು ಬರೆಯಲಿ. ಅದೂ ಇಲ್ಲದಿದ್ದರೆ ಬಿಳಿಯ ರಟ್ಟಿನ ಮೇಲೆ ಹೆಸರನ್ನೇ ಚೆಂದವಾಗಿ ಬರೆದು ತೂಗಹಾಕಲಿ. ಮುಖವಿಲ್ಲದ ಹೆಸರಿಗೆ ಗಿಡದಲ್ಲಿ ಸ್ಥಳವುಂಟು. ನಾವು ಒಪ್ಪದಿರುವುದು ಹೆಸರಿಲ್ಲದ ಮುಖವನ್ನು ಮಾತ್ರ. ಹುಡುಕಿದರೂ ಹೆಸರು ಸಿಕ್ಕದ ಪಟವಿದ್ದರೆ ಅದರ ಹಿಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ, ಯಾರ ಮನೆಯಲ್ಲಿ ಎಂದು ಸಿಕ್ಕಿತೆಂಬುದನ್ನೂ ಬರೆದು, ಹಬ್ಬಕ್ಕೆ ಬಂದ ಬಂಧುಗಳ ಮುಂದೆ ಹಿಡಿಯಿರಿ. ಬಲ್ಲವರು ಒಬ್ಬರಾದರೂ ಬಂದಿರಬಹುದು.

ಮೊಬೈಲಿನಲ್ಲಿ ಸಹಸ್ರಗಟ್ಟಲೆ ಚಿತ್ರಗಳಿರುವಾಗ ಈ ಶ್ರಮವೇಕೆಂದು ಕಿರಿಯರು ಕೇಳುವುದುಂಟು. ಅಲ್ಲಿರುವ ಚಿತ್ರಗಳ ಸಂಖ್ಯೆಯೇ ಅವುಗಳ ದೋಷ. ಮುತ್ತಜ್ಜಿಯ ಒಂದು ಪಟವನ್ನು ಮನೆಯವರು ಐವತ್ತು ವರ್ಷ ನೋಡಿದರು. ನಮ್ಮ ಐನೂರು ಪಟಗಳನ್ನು ನಾವೇ ಎರಡನೆಯ ಸಲ ನೋಡುವುದಿಲ್ಲ. ಯಂತ್ರವು ಕೆಟ್ಟರೆ, ಗುಪ್ತಪದವು ಮರೆತರೆ, ಅವೆಲ್ಲವೂ ಒಮ್ಮೆಗೇ ಹೋಗುತ್ತವೆ. ಆ ಐನೂರರಲ್ಲಿ ಪ್ರತಿ ವರ್ಷವೂ ಒಂದನ್ನು ಆರಿಸಿ, ಅಚ್ಚು ಹಾಕಿಸಿ, ಹೆಸರು ಬರೆದು ಗಿಡಕ್ಕೆ ಸೇರಿಸುತ್ತ ಬಂದರೆ, ಇಂದಿನ ಮಗುವು ಅಜ್ಜಿಯಾಗುವಷ್ಟರಲ್ಲಿ ಒಂದು ಮನೆತನದ ಸಂಪುಟವೇ ಸಿದ್ಧವಾಗುವುದು.

ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದ ಮೇಲೆ ಯೆಹೋಶುವನು ಹೊಳೆಯ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ತರಿಸಿ ಗಿಲ್ಗಾಲಿನಲ್ಲಿ ನಿಲ್ಲಿಸಿದನೆಂದು ಓದುತ್ತೇವೆ. ಆ ಕಲ್ಲುಗಳಲ್ಲಿ ಯಾವ ಶಿಲ್ಪವೂ ಇರಲಿಲ್ಲ. ಮುಂದೆ ಮಕ್ಕಳು ಕಂಡು ಇವೇನೆಂದು ಕೇಳಬೇಕು, ಹಿರಿಯರು ಉತ್ತರ ಹೇಳಬೇಕು, ಅಷ್ಟಕ್ಕಾಗಿಯೇ ಅವನ್ನು ನಿಲ್ಲಿಸಿದುದು. ಗಿಡದ ಮೇಲಣ ಪಟವೂ ಅದೇ ಕೆಲಸವನ್ನು ಮಾಡುತ್ತದೆ. ಗೋಡೆಯ ಎತ್ತರದಲ್ಲಿ ಗಾಜಿನ ಹಿಂದೆ ವರ್ಷವಿಡೀ ಇರುವ ಪಟವನ್ನು ಮಗುವು ಕಾಣುವುದೇ ಇಲ್ಲ. ವರ್ಷಕ್ಕೊಮ್ಮೆ ತನ್ನ ಕಣ್ಣಿನ ಮಟ್ಟದಲ್ಲಿ ತೂಗಾಡುವುದನ್ನು ಹಿಡಿದು, ತಿರುಗಿಸಿ, ಓದಿ, ಇವರಾರೆಂದು ಕೇಳುತ್ತದೆ. ಹಾಗೆ ಕೇಳುವ ಮಗುವಿಗೆ ಉತ್ತರ ಹೇಳಲು ನಮಗೆ ತಿಳಿದಿರಬೇಕು.

ಕಡೆಯದಾಗಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ. ನಿಮ್ಮಲ್ಲಿ ಅನೇಕರ ಬಳಿ ತರಗತಿಯ ಗುಂಪಿನ ಚಿತ್ರಗಳಿವೆ. ಉಪಾಧ್ಯಾಯಿನಿಯರು ಕುರ್ಚಿಗಳಲ್ಲಿ, ಹಿರಿಯ ಹುಡುಗಿಯರು ಹಿಂದೆ, ಕಿರಿಯರು ಮುಂದೆ ನೆಲದ ಮೇಲೆ, ನಡುವೆ ವರ್ಷವನ್ನು ಬರೆದ ಹಲಗೆ. ಆ ಚಿತ್ರಗಳ ನಕಲನ್ನು ಶಾಲೆಗೆ ಕಳುಹಿಸಿಕೊಡಿರಿ. ಮೂಲವು ನಿಮ್ಮಲ್ಲಿಯೇ ಇರಲಿ. ಜೊತೆಯಲ್ಲಿ ಸಾಲುಸಾಲಾಗಿ, ಎಡದಿಂದ ಬಲಕ್ಕೆ, ತಿಳಿದಷ್ಟು ಹೆಸರುಗಳನ್ನು ಬರೆದು ಕಳುಹಿಸಿರಿ. ವಸತಿಗೃಹದ ಮೇಟ್ರನ್, ಅಡಿಗೆಯವರು, ಗಂಟೆ ಬಾರಿಸುತ್ತಿದ್ದವರು ಚಿತ್ರದಲ್ಲಿದ್ದರೆ ಅವರನ್ನು ಬಿಡಬೇಡಿರಿ. ಇಂಥ ನಕಲುಗಳಿಂದ ಇಂದಿನ ಬಾಲಿಕೆಯರು ಹೊಲಿಗೆಯ ತರಗತಿಯಲ್ಲಿ ಅಲಂಕಾರಗಳನ್ನು ಮಾಡಿ ಶಾಲೆಯ ಗಿಡಕ್ಕೆ ತೂಗಹಾಕಲಿ. ಆಗ ಮನೆಯಲ್ಲಿ ಪಟವಿಲ್ಲದ ಹುಡುಗಿಗೂ ತನ್ನದೆನ್ನುವ ಹಿರಿಯರ ಒಂದು ಸಾಲು ದೊರೆಯುವುದು. ಅವಳು ಕುಳಿತ ಬೆಂಚಿನ ಮೇಲೆ ಅವಳಿಗಿಂತ ಮುಂಚೆ ಕುಳಿತವರೆಲ್ಲರೂ ಅವಳ ಬಳಗದವರೇ ಅಲ್ಲವೇ?

ತಾಯ್ತಂದೆಗಳಲ್ಲಿ ನಮ್ಮ ಪ್ರಾರ್ಥನೆಯು ಇನ್ನೂ ಚಿಕ್ಕದು. ಡಿಸೆಂಬರ್ ತಿಂಗಳಿನ ಒಂದು ಭಾನುವಾರ, ಆರಾಧನೆಯು ಮುಗಿದು ಊಟವಾದ ಮೇಲೆ, ಟ್ರಂಕನ್ನು ಇಳಿಸಿ, ಕೈಗಳನ್ನು ತೊಳೆದು ಒರಸಿಕೊಂಡು, ಮಕ್ಕಳನ್ನೂ ಮನೆಯ ಹಿರಿಯರನ್ನೂ ಕೂಡಿಸಿಕೊಂಡು ಕುಳಿತುಕೊಳ್ಳಿರಿ. ಕಾಗದದ ಪಟಗಳ ಹಿಂದೆ ಅಂಚಿನಲ್ಲಿ ಮೆದುವಾದ ಪೆನ್ಸಿಲಿನಿಂದ ಹಗುರವಾಗಿ ಹೆಸರು ಬರೆಯಿರಿ. ಶಾಯಿಯೂ ಬಾಲ್‌ಪೆನ್ನೂ ಬೇಡ. ಈಚಿನ ನುಣುಪಾದ ಪಟಗಳ ಮೇಲೆ ಪೆನ್ಸಿಲು ಹತ್ತದಿದ್ದರೆ, ಒಂದೊಂದನ್ನು ಒಂದೊಂದು ಕಾಗದದ ಲಕೋಟೆಯಲ್ಲಿಟ್ಟು ಲಕೋಟೆಯ ಮೇಲೆ ಮೊದಲೇ ಬರೆದಿಡಿರಿ. ಆಮೇಲೆ ನಕಲು, ಆಮೇಲೆ ಕತ್ತರಿ, ಆಮೇಲೆ ಬಣ್ಣದ ದಾರ. ಆ ದಿನ ಒಂದೇ ಅಲಂಕಾರವು ಸಿದ್ಧವಾದರೂ ಚಿಂತೆಯಿಲ್ಲ. ಒಬ್ಬ ಹಿರಿಯಳ ಹೆಸರು ಉಳಿದಿದ್ದರೆ ಆ ಭಾನುವಾರವು ಸಾರ್ಥಕವೇ.